ಗ್ಯಾಸ್ಟ್ರಿಕ್ ಮಾತ್ರೆ, ಎದೆಹಾಲು ಮತ್ತು ಕತ್ತರಿಸಿದ ಒಂದು ಸ್ಟ್ರಿಪ್

ಇದು ನನ್ನ ಕ್ಲಿನಿಕ್ಕಿಗೆ ಬಂದ ಒಬ್ಬ ಹೆಣ್ಣುಮಗಳ ಪ್ರಕರಣ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಕೊಡಗಿನಲ್ಲಿ ಮನೆಹೆಸರಿನ ಮೊದಲ ಅಕ್ಷರ ಹೇಳಿದರೂ ಸಾಕು, ಯಾರ ಮಗಳು, ಎಲ್ಲಿಗೆ ಕೊಟ್ಟಿದ್ದಾರೆ ಎಂದು ಜನ ಲೆಕ್ಕ ಹಾಕಿಬಿಡುತ್ತಾರೆ. ಹಾಗಾಗಿ ಇಲ್ಲಿ ಅವರಿಗೆ ಹೆಸರಿಲ್ಲ.

ಸಹವೈದ್ಯರ ಜೊತೆಗೆ ಮೆಡಿಕಲ್ ಶಾಪಿನವರು, ಆಶಾ ಕಾರ್ಯಕರ್ತೆಯರು ಕೂಡ ಇದನ್ನು ಓದಲಿ ಎಂಬ ಆಸೆ ನನಗಿದೆ. ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಹಿನ್ನೆಲೆ

ಕೊಡಗಿನ ಮಳೆಯ ತಿಂಗಳು ಕಕ್ಕಡ (ಜುಲೈ-ಆಗಸ್ಟ್) ಮುಗಿಯುತ್ತಾ ಬಂದಿತ್ತು. ಮಳೆ ಮಾತ್ರ ಬಿಟ್ಟಿರಲಿಲ್ಲ. ಆ ದಿನ ಕರೆಂಟೂ ಇರಲಿಲ್ಲ. ಮೂವತ್ತರ ಆಸುಪಾಸಿನ ಮಹಿಳೆ ಒಬ್ಬರೇ ಬಂದು ಕೂತರು. ದಕ್ಷಿಣ ಕೊಡಗಿನ ಕಡೆಯವರು. ಸ್ವಲ್ಪ ಕಾಫಿ ತೋಟ, ಗದ್ದೆ, ಜೊತೆಗೆ ಗಂಡ ಹೆಂಡತಿ ಸೇರಿ ನಡೆಸುವ ಹೋಂಸ್ಟೇ. ಏಳು ವರ್ಷದ ಒಬ್ಬ ಮಗ.

ನನ್ನ ಸಹಾಯಕಿ ಹೊರಗೆ ಹೋಗುವವರೆಗೂ ಅವರು ಬಾಯಿ ಬಿಡಲಿಲ್ಲ. ಆಮೇಲೆ ತಲೆ ತಗ್ಗಿಸಿ ಹೇಳಿದರು: "ಮೇಡಂ, ಎದೆಯಿಂದ ಹಾಲು ಬರ್ತಾ ಇದೆ. ಮಗು ಹಾಲು ಬಿಟ್ಟು ಐದು ವರ್ಷ ಆಯ್ತು."

ಮುಟ್ಟು ನಿಂತು ನಾಲ್ಕು ತಿಂಗಳಾಗಿತ್ತು. ಅತ್ತೆಗೆ ಸಂತೋಷ, ಸೊಸೆ ಬಸುರಿ ಎಂದು. ಆದರೆ ಮೂರು ಸಲ ಮನೆಯಲ್ಲೇ ಕಾರ್ಡ್ ಟೆಸ್ಟ್ ಮಾಡಿದರೂ ಒಂದೇ ಗೆರೆ. ಅತಿಥಿಗಳಿಗೆ ಊಟ ಬಡಿಸುವಾಗ ಬಟ್ಟೆ ಒದ್ದೆಯಾಗಿಬಿಡುತ್ತದೇನೋ ಎಂದು ಒಳಗೆ ಹತ್ತಿ ಬಟ್ಟೆ ಮಡಚಿ ಇಟ್ಟುಕೊಳ್ಳುತ್ತಿದ್ದರು. ಗಂಡನಿಗೂ ಹೇಳಿರಲಿಲ್ಲ. ದೃಷ್ಟಿ ತಾಗಿದೆ ಎಂದು ಒಬ್ಬರು, ಕ್ಯಾನ್ಸರ್ ಇರಬಹುದು ಎಂದು ಇನ್ನೊಬ್ಬರು ತಲೆಗೆ ಹುಳ ಬಿಟ್ಟಿದ್ದರು. ಎರಡು ತಿಂಗಳು ಆ ಭಯವನ್ನು ಒಬ್ಬರೇ ಹೊತ್ತು ತಿರುಗಿದ್ದರು.

ಪರೀಕ್ಷೆ ಮಾಡಿದೆ. ಎರಡೂ ಕಡೆಯಿಂದ ಬಿಳಿ ಹಾಲು. ರಕ್ತವಿಲ್ಲ, ಗಂಟಿಲ್ಲ. ಕ್ಯಾನ್ಸರಿನ ಲಕ್ಷಣ ಇದಲ್ಲ ಎಂದು ಅಲ್ಲೇ ಹೇಳಿದೆ. ತಲೆನೋವು, ಕಣ್ಣು ಮಂಜಾಗುವುದು ಯಾವುದೂ ಇರಲಿಲ್ಲ.

ಆಮೇಲೆ ಕೇಳಿದೆ, "ಯಾವುದಾದರೂ ಮದ್ದು ತಗೊಳ್ತಿದ್ದೀರಾ?"

"ಇಲ್ಲ ಮೇಡಂ. ಮೊನ್ನೆ ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದೆ, ಅಷ್ಟೇ."

ಆ ದಿನ ಆ ಸೊಪ್ಪು ತಿನ್ನುವುದು ನಮ್ಮ ಕಡೆಯ ವಾಡಿಕೆ. ನಾನು "ಮದ್ದು ಇಲ್ಲ" ಎಂದು ಬರೆದುಕೊಂಡೆ. ಈ ಪ್ರಕರಣದಲ್ಲಿ ನಾನು ಮಾಡಿದ ಮೊದಲ ತಪ್ಪು ಅದು.

ಸಮಸ್ಯೆ ದೊಡ್ಡದಾದದ್ದು ಹೇಗೆ

ಹಾಲು ಬರುವುದು, ಮುಟ್ಟು ನಿಲ್ಲುವುದು ಎರಡೂ ಒಟ್ಟಿಗೆ ಬಂದರೆ ಮೊದಲು ನೋಡಬೇಕಾದದ್ದು ಎದೆಹಾಲು ಬರಿಸುವ ಹಾರ್ಮೋನ್, ಪ್ರೊಲ್ಯಾಕ್ಟಿನ್. ಅದು ಬರುವುದು ಪಿಟ್ಯುಟರಿ ಗ್ರಂಥಿಯಿಂದ. ಮೆದುಳಿನ ಕೆಳಗೆ, ಮೂಗಿನ ಹಿಂಭಾಗದ ನೇರಕ್ಕೆ, ಮೂಳೆಯ ಒಂದು ಪುಟ್ಟ ಗುಳಿಯಲ್ಲಿ ಬಟಾಣಿ ಕಾಳಿನಷ್ಟು ಗಾತ್ರದಲ್ಲಿ ಕೂತಿರುತ್ತದೆ.

ರಕ್ತ ಪರೀಕ್ಷೆಗೆ ಬರೆದೆ. ಬಸುರಿ ಅಲ್ಲ ಎಂದು ರಕ್ತದಲ್ಲೇ ಖಚಿತಪಡಿಸಿಕೊಳ್ಳಬೇಕು, ಕಾರ್ಡ್ ಟೆಸ್ಟ್ ಸಾಲದು. ಕಿಡ್ನಿ ನೋಡಬೇಕು, ಥೈರಾಯ್ಡ್ ನೋಡಬೇಕು. ಥೈರಾಯ್ಡ್ ಯಾಕೆ ಅಂದರೆ, ಅದು ಕಡಿಮೆಯಾದಾಗ ಮೆದುಳು ಟಿಆರ್‌ಎಚ್ ಎಂಬ ರಾಸಾಯನಿಕವನ್ನು ಜಾಸ್ತಿ ಕಳಿಸುತ್ತದೆ. ಅದರ ಕೆಲಸ ಥೈರಾಯ್ಡನ್ನು ಎಬ್ಬಿಸುವುದೇ ಆದರೂ, ದಾರಿಯಲ್ಲಿ ಪ್ರೊಲ್ಯಾಕ್ಟಿನ್ ಕೋಶಗಳನ್ನೂ ತಟ್ಟಿ ಹೋಗುತ್ತದೆ. ಟಿಆರ್‌ಎಚ್ ಅನ್ನು ಪ್ರಾಣಿಗಳ ಮೆದುಳಿನಿಂದ ಬೇರ್ಪಡಿಸಿ ಅದರ ರಚನೆ ಕಂಡುಹಿಡಿದವರು ರೋಜರ್ ಗಿಯೆಮಾನ್ ಮತ್ತು ಆಂಡ್ರ್ಯೂ ಶಾಲಿ. ಮೆದುಳು ರಾಸಾಯನಿಕಗಳ ಮೂಲಕವೇ ಪಿಟ್ಯುಟರಿಯನ್ನು ಆಳುತ್ತದೆ ಎಂಬುದಕ್ಕೆ ಅದು ಗಟ್ಟಿ ಸಾಕ್ಷಿಯಾಯಿತು. 1977ರಲ್ಲಿ ಅವರಿಗೆ ನೊಬೆಲ್ ಬಂತು.

ಎಂಆರ್‌ಐ ಮಾಡಿಸಲು ನಮ್ಮ ಕಡೆಯವರು ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾಟಿ ಮೈಸೂರಿಗೆ ಹೋಗಬೇಕಿತ್ತು. ಆ ಮಳೆಯಲ್ಲಿ, ಹೋಂಸ್ಟೇ ಬಿಟ್ಟು, ಮಗನನ್ನು ಯಾರ ಹತ್ತಿರವೋ ಬಿಟ್ಟು ಎರಡೆರಡು ಸಲ ಓಡಾಡುವುದು ಯಾಕೆ ಎಂದು ರಕ್ತ ಪರೀಕ್ಷೆ, ಪಿಟ್ಯುಟರಿ ಎಂಆರ್‌ಐ ಎರಡನ್ನೂ ಒಂದೇ ಚೀಟಿಯಲ್ಲಿ ಬರೆದುಕೊಟ್ಟೆ. ಅವರ ಕಷ್ಟ ಕಡಿಮೆ ಮಾಡಲು ಹೊರಟೆ. ಆದದ್ದು ಉಲ್ಟಾ.

ಪ್ರೊಲ್ಯಾಕ್ಟಿನ್ 118 ಬಂತು. ಬಸುರಿ ಅಲ್ಲದ ಹೆಂಗಸಿನಲ್ಲಿ ಒಂದು ಮಿಲಿಲೀಟರಿಗೆ ಸುಮಾರು 25 ನ್ಯಾನೊಗ್ರಾಂ ಒಳಗೆ ಇರಬೇಕು. ಥೈರಾಯ್ಡ್ ಸರಿ ಇತ್ತು, ಕಿಡ್ನಿ ಸರಿ ಇತ್ತು. ಎಂಆರ್‌ಐ ವರದಿಯಲ್ಲಿ ಒಂದು ಸಾಲು: ಪಿಟ್ಯುಟರಿಯ ಬಲಭಾಗದಲ್ಲಿ 4 ಮಿಲಿಮೀಟರ್ ಗಂಟಿನ ಅನುಮಾನ.

ಆ ಒಂದು ಸಾಲು ಇಡೀ ಮನೆಯನ್ನು ಅಲ್ಲಾಡಿಸಿತು. "ತಲೆಯಲ್ಲಿ ಗಡ್ಡೆ" ಎಂಬ ಮಾತು ಮೈಸೂರಿಂದ ಮನೆ ತಲುಪುವ ಮೊದಲೇ ಫೋನಿನಲ್ಲಿ ನೆಂಟರಿಗೆಲ್ಲ ಹೋಗಿತ್ತು. ಅತ್ತೆ ಇಗ್ಗುತ್ತಪ್ಪನಿಗೆ ಹರಕೆ ಹೊತ್ತರು. ಗಂಡ ತೋಟದ ಒಂದು ಭಾಗ ಮಾರುವ ಲೆಕ್ಕಕ್ಕೆ ಬಂದಿದ್ದರು.

ಅಷ್ಟು ಹೆದರಬೇಕಾದ್ದು ಏನೂ ಇರಲಿಲ್ಲ. 4 ಮಿಲಿಮೀಟರ್ ಅಂದರೆ ನಮ್ಮ ಒಳ್ಳೆಮೆಣಸಿನ ಕಾಳಿಗಿಂತ ಚಿಕ್ಕದು. ಯಾವ ತೊಂದರೆಯೂ ಇಲ್ಲದ ಜನರನ್ನು ಸಾಲಾಗಿ ಎಂಆರ್‌ಐ ಮಾಡಿದರೂ ಸುಮಾರು ಹತ್ತರಲ್ಲಿ ಒಬ್ಬರ ಪಿಟ್ಯುಟರಿಯಲ್ಲಿ ಇಂಥದ್ದೊಂದು ಚುಕ್ಕೆ ಕಾಣುತ್ತದೆ. ಆದರೆ ಅದೇ ಗಂಟು 118 ಪ್ರೊಲ್ಯಾಕ್ಟಿನ್ ಮಾಡಲಾರದು ಎನ್ನುವಂತೆಯೂ ಇರಲಿಲ್ಲ. ಅಷ್ಟು ಸಣ್ಣ ಗಂಟೂ ಅಷ್ಟು ಹಾರ್ಮೋನ್ ಸುರಿಸಬಲ್ಲದು. ಗಂಟೇ ಕಾರಣವೋ, ಅದು ಸುಮ್ನೆ ಕೂತಿರುವ ಸಾಕ್ಷಿಯೋ ಎಂದು ಫಿಲ್ಮ್ ನೋಡಿ ಹೇಳಲು ಆಗುವುದಿಲ್ಲ.

ತಿರುವು

ವರದಿ ಹಿಡಿದು ಇಬ್ಬರೂ ಬಂದರು. ಅರ್ಧ ಗಂಟೆ ಮಾತಾಡಿದೆವು. ಪ್ರೊಲ್ಯಾಕ್ಟಿನ್ ಇಳಿಸುವ ಕ್ಯಾಬರ್ಗೋಲಿನ್ ಮಾತ್ರೆಯ ಹೆಸರು ಚೀಟಿಯಲ್ಲಿ ಬರೆದೂ ಆಗಿತ್ತು. ಎದ್ದು ಬಾಗಿಲವರೆಗೆ ಹೋದವರು ತಿರುಗಿ ಬಂದರು.

"ಮೇಡಂ, ಹಾಗೇ ಇದನ್ನೂ ಬರೆದುಕೊಡಿ. ಗ್ಯಾಸ್ಟ್ರಿಕ್‌ದು. ಮುಗಿದು ಹೋಗಿದೆ."

ಪರ್ಸಿನಿಂದ ತೆಗೆದದ್ದು ಕತ್ತರಿಯಲ್ಲಿ ಕತ್ತರಿಸಿದ ಸ್ಟ್ರಿಪ್‌ನ ಒಂದು ತುಂಡು. ಎರಡು ಖಾಲಿ ಗುಳಿ. ಹಿಂದಿನ ಬೆಳ್ಳಿ ಹಾಳೆಯಲ್ಲಿ ಹೆಸರು ಅರ್ಧಕ್ಕೇ ಕತ್ತರಿಸಿ ಹೋಗಿತ್ತು. ಉಳಿದಿದ್ದು "ಸಲ್ಪಿರೈಡ್ 75" ಎಂಬಷ್ಟು.

ಲಿವೊಸಲ್ಪಿರೈಡ್. ಅಸಿಡಿಟಿ ಕಡಿಮೆ ಮಾಡುವ ಔಷಧಿಯ ಜೊತೆ ಒಂದೇ ಕ್ಯಾಪ್ಸೂಲಿನಲ್ಲಿ ಸೇರಿಸಿ ಮಾರುತ್ತಾರೆ.

"ಎಷ್ಟು ದಿನದಿಂದ?"

"ಪುತ್ತರಿ ಆದಮೇಲೆ ಶುರು ಮಾಡಿದ್ದು. ದಿನಾ ಬೆಳಿಗ್ಗೆ ಒಂದು."

ಪುತ್ತರಿ ನಮ್ಮ ಸುಗ್ಗಿ ಹಬ್ಬ, ನವೆಂಬರ್-ಡಿಸೆಂಬರ್ ಹೊತ್ತಿಗೆ ಬರುತ್ತದೆ. ಅಂದರೆ ಎಂಟು ತಿಂಗಳು. ಎಲ್ಲೋ ಒಬ್ಬ ವೈದ್ಯರು ಹದಿನೈದು ದಿನಕ್ಕೆ ಅಂತ ಬರೆದಿದ್ದರು. ಅದು ಸರಿಯಾದ ಚೀಟಿಯೇ. ಹೊಟ್ಟೆ ಉಬ್ಬರ, ಹುಳಿತೇಗು ಕಡಿಮೆಯಾಯಿತು. ಆಮೇಲೆ ಚೀಟಿ ಬೇಕಾಗಲೇ ಇಲ್ಲ. ಅಂಗಡಿಯಲ್ಲಿ ಖಾಲಿ ತುಂಡು ತೋರಿಸಿದರೆ ಅದೇ ಹತ್ತು ಕೊಡುತ್ತಿದ್ದರು.

"ಮೊನ್ನೆ ಕೇಳಿದಾಗ ಯಾಕೆ ಹೇಳಲಿಲ್ಲ?" ಎಂದೆ. ಬೈದದ್ದಲ್ಲ, ನಿಜವಾಗಿ ತಿಳಿಯಬೇಕಿತ್ತು.

"ಅದು ಗ್ಯಾಸ್ಟ್ರಿಕ್ ಮಾತ್ರೆ ಅಲ್ವಾ ಮೇಡಂ. ಮದ್ದು ಅಂತ ಅನ್ನಿಸಲೇ ಇಲ್ಲ."

ಅವರು ಸುಳ್ಳು ಹೇಳಿರಲಿಲ್ಲ. ನಮ್ಮ ಜನಕ್ಕೆ ಬಿಪಿ, ಶುಗರ್ ಮಾತ್ರೆಗಳು ಮದ್ದು. ಗ್ಯಾಸ್ಟ್ರಿಕ್ ಮಾತ್ರೆ ಕಾಫಿ, ಸಕ್ಕರೆಯ ಹಾಗೆ ಮನೆಯ ಸಾಮಾನು. ನನ್ನ ಪ್ರಶ್ನೆಯೇ ಸರಿ ಇರಲಿಲ್ಲ.

ಮೆದುಳು ಹಿಡಿದಿಟ್ಟ ಕೋಶಗಳು

ಗಂಡ ಕೇಳಿದರು: "ಡಾಕ್ಟ್ರೇ, ಹೊಟ್ಟೆ ಮಾತ್ರೆಗೂ ತಲೆಗೂ ಎದೆಗೂ ಏನು ಸಂಬಂಧ?" ಕ್ಯಾಬರ್ಗೋಲಿನ್ ಬರೆದ ಚೀಟಿಯ ಹಿಂದೆಯೇ ಚಿತ್ರ ಬರೆದು ಹೇಳಿದೆ.

ಪಿಟ್ಯುಟರಿಯ ಮೇಲೆ ಹೈಪೊಥಲಾಮಸ್ ಎಂಬ ಮೆದುಳಿನ ಭಾಗ ಇದೆ. ಎರಡರ ನಡುವೆ ತೆಳುವಾದ ತೊಟ್ಟು. ಆ ತೊಟ್ಟಿನಲ್ಲಿ ಸಣ್ಣ ರಕ್ತನಾಳಗಳು ಇಳಿದು ಬರುತ್ತವೆ. ಮೆದುಳಿನ ನರಕೋಶಗಳು ತಮ್ಮ ರಾಸಾಯನಿಕಗಳನ್ನು ಈ ನಾಳಗಳಿಗೆ ಬಿಡುತ್ತವೆ, ಅವು ನೇರ ಪಿಟ್ಯುಟರಿಯ ಕೋಶಗಳಿಗೆ ತಲುಪುತ್ತವೆ. ಥೈರಾಯ್ಡಿನ, ಅಂಡಾಶಯದ, ಅಡ್ರಿನಲ್‌ನ ಹಾರ್ಮೋನ್‌ಗಳನ್ನು ನಡೆಸುವ ಪಿಟ್ಯುಟರಿ ಕೋಶಗಳಿಗೆ ಮೇಲಿಂದ "ಬಿಡು" ಎಂಬ ಸಂದೇಶ ಬರುತ್ತಲೇ ಇರಬೇಕು. ಸಂದೇಶ ನಿಂತರೆ ಅವು ಮಂಕಾಗುತ್ತವೆ.

ಪ್ರೊಲ್ಯಾಕ್ಟಿನ್ ಕೋಶದ ಕಥೆ ತಿರುಗಾಮುರುಗಾ. ಅದಕ್ಕೆ ಯಾರೂ "ಬಿಡು" ಎನ್ನಬೇಕಿಲ್ಲ. ತನ್ನಷ್ಟಕ್ಕೆ ಅದು ವಿದ್ಯುತ್ ಮಿಡಿತ ಹೊಡೆಯುತ್ತಾ ಇರುತ್ತದೆ. ಪ್ರತಿ ಮಿಡಿತಕ್ಕೆ ಕ್ಯಾಲ್ಸಿಯಂ ಒಳಗೆ ಬರುತ್ತದೆ, ಹಾರ್ಮೋನ್ ತುಂಬಿದ ಪುಟ್ಟ ಚೀಲಗಳು ಹೊರಗೆ ಖಾಲಿಯಾಗುತ್ತವೆ. ಬಿಟ್ಟರೆ ಹಗಲೂ ರಾತ್ರಿ ಸುರಿಸುತ್ತದೆ. ಅದನ್ನು "ಬೇಡ, ಬೇಡ" ಎಂದು ಹಿಡಿದಿಡುವುದು ಡೋಪಮೈನ್. ಹೈಪೊಥಲಾಮಸ್‌ನಿಂದ ಇಳಿದು ಬಂದ ಡೋಪಮೈನ್ ಆ ಕೋಶದ ಮೇಲಿನ ಡಿ2 ಎಂಬ ಗ್ರಾಹಕದ, ಅಂದರೆ ಸಂದೇಶ ಹಿಡಿಯುವ ಜಾಗದ, ಮೇಲೆ ಕೂರುತ್ತದೆ. ಕೂತ ತಕ್ಷಣ ಪೊಟ್ಯಾಸಿಯಂ ಹೊರಹೋಗುವ ಬಾಗಿಲು ತೆರೆಯುತ್ತದೆ, ಮಿಡಿತ ತಣ್ಣಗಾಗುತ್ತದೆ, ಕ್ಯಾಲ್ಸಿಯಂ ಬರುವುದು ನಿಲ್ಲುತ್ತದೆ. ಚೀಲಗಳು ಒಳಗೇ ಉಳಿಯುತ್ತವೆ. ಹೊಸ ಪ್ರೊಲ್ಯಾಕ್ಟಿನ್ ತಯಾರಾಗುವುದೂ ನಿಧಾನವಾಗುತ್ತದೆ.

ಈ ಕೋಶವನ್ನು ಮೆದುಳೇ ಹಿಡಿದಿಡುತ್ತದೆ ಎಂದು ತೋರಿಸಿಕೊಟ್ಟ ಒಂದು ಪ್ರಯೋಗ ನನಗೆ ಯಾವತ್ತೂ ಬೆರಗು. 1954ರಲ್ಲಿ ಅಮೆರಿಕದ ಜಾನ್ ಎವರೆಟ್ ಇಲಿಗಳ ಪಿಟ್ಯುಟರಿಯನ್ನು ತೆಗೆದು, ಅದೇ ಇಲಿಯ ಮೂತ್ರಪಿಂಡದ ಹೊದಿಕೆಯ ಕೆಳಗೆ ನೆಟ್ಟರು. ಮೆದುಳಿನಿಂದ ಅಷ್ಟು ದೂರ ಹೋದಮೇಲೆ ಉಳಿದ ಹಾರ್ಮೋನ್‌ಗಳ ಕೆಲಸ ಸೊರಗಿತು. ಪ್ರೊಲ್ಯಾಕ್ಟಿನ್ ಮಾತ್ರ ನಿಲ್ಲದೆ ಬರುತ್ತಲೇ ಇತ್ತು.

ಗಂಡ ಸ್ವಲ್ಪ ಹೊತ್ತು ಚಿತ್ರ ನೋಡಿದರು. "ಅಂದ್ರೆ ಕೆರೆ ತೂಬಿಗೆ ಹಲಗೆ ಹಾಕಿದ ಹಾಗೆ. ಹಲಗೆ ಎತ್ತಿದರೆ ನೀರನ್ನು ಯಾರೂ ತಳ್ಳೋದು ಬೇಡ, ತಾನಾಗೇ ಹೋಗುತ್ತೆ." ಅಂದಿನಿಂದ ನಾನೂ ಅದೇ ಮಾತು ಬಳಸುತ್ತಿದ್ದೇನೆ.

ಆ ಕ್ಯಾಪ್ಸೂಲ್ ಮಾಡಿದ್ದು ಹಲಗೆ ಎತ್ತುವ ಕೆಲಸ. ಜಠರದ ಗೋಡೆಯಲ್ಲೂ ಡೋಪಮೈನ್ ಗ್ರಾಹಕಗಳಿವೆ. ಅಲ್ಲಿ ಡೋಪಮೈನ್ ಜಠರದ ಚಲನೆಯನ್ನು ನಿಧಾನ ಮಾಡುತ್ತದೆ. ಲಿವೊಸಲ್ಪಿರೈಡ್ ಆ ಗ್ರಾಹಕಗಳಿಗೆ ಅಡ್ಡ ಕೂತು ಜಠರ ಬೇಗ ಖಾಲಿಯಾಗುವಂತೆ ಮಾಡುತ್ತದೆ, ಉಬ್ಬರ ಇಳಿಯುತ್ತದೆ. ಆದರೆ ರಕ್ತದಲ್ಲಿ ಹರಿಯುವ ಔಷಧಿಗೆ ಜಠರದ ಗ್ರಾಹಕ ಯಾವುದು, ಪಿಟ್ಯುಟರಿಯ ಗ್ರಾಹಕ ಯಾವುದು ಎಂದು ಗೊತ್ತಿಲ್ಲ. ವಾಂತಿಗೆ ಕೊಡುವ ಡೋಂಪೆರಿಡೋನ್, ಮೆಟೊಕ್ಲೊಪ್ರಮೈಡ್ ಕೂಡ ಇದೇ ಜಾತಿ. ಡೋಂಪೆರಿಡೋನ್ ಮೆದುಳಿನೊಳಗೆ ಅಷ್ಟಾಗಿ ಹೋಗುವುದಿಲ್ಲ, ಹಾಗಾಗಿ ಸೌಮ್ಯ ಎಂದುಕೊಳ್ಳುತ್ತೇವೆ. ಆದರೆ ಮೆದುಳನ್ನು ಕಾಯುವ ರಕ್ತನಾಳದ ಬೇಲಿಯ ಹೊರಗೆ ಪಿಟ್ಯುಟರಿ ನೇತಾಡುತ್ತಿದೆ. ಅಲ್ಲಿಗೆ ಅದು ಆರಾಮಾಗಿ ತಲುಪುತ್ತದೆ.

ಮುಟ್ಟು ಯಾಕೆ ನಿಂತಿತು ಎಂಬುದೂ ಇದೇ ಎಳೆಯಲ್ಲಿದೆ. ಪ್ರೊಲ್ಯಾಕ್ಟಿನ್ ಏರಿದಾಗ ಅದು ತಿರುಗಿ ಹೈಪೊಥಲಾಮಸ್ಸಿಗೆ ಹೋಗಿ, ಅಂಡಾಶಯವನ್ನು ಎಬ್ಬಿಸುವ ಜಿಎನ್‌ಆರ್‌ಎಚ್ ಮಿಡಿತಗಳನ್ನು ಅಡಗಿಸುತ್ತದೆ. ಹಾಲುಣಿಸುವ ತಾಯಿಗೆ ತಿಂಗಳುಗಟ್ಟಲೆ ಮುಟ್ಟಾಗದಿರುವುದೂ ಹೀಗೇ. ಇವರ ದೇಹಕ್ಕೆ ಎಂಟು ತಿಂಗಳು, ಮಡಿಲಲ್ಲಿ ಮಗು ಇದೆ ಎಂಬ ಸುದ್ದಿ ಹೋಗುತ್ತಿತ್ತು. ಇದು ಹೀಗೇ ಮುಂದುವರಿದರೆ ಈಸ್ಟ್ರೋಜನ್ ಕಡಿಮೆಯಾಗಿ ಮೂಳೆಯೂ ಸವೆಯುತ್ತದೆ. ಹಾಗಾಗಿ ಹಾಲು ತಾನೇ, ಬರಲಿ ಬಿಡಿ ಎನ್ನುವಂತಿಲ್ಲ.

ನಿರ್ಧಾರ

ಈಗ ಎದುರಿಗೆ ಎರಡು ದಾರಿ. ಕ್ಯಾಬರ್ಗೋಲಿನ್ ಶುರು ಮಾಡುವುದು, ಅಥವಾ ಕ್ಯಾಪ್ಸೂಲ್ ನಿಲ್ಲಿಸಿ ಕಾಯುವುದು.

ಮೊದಲ ದಾರಿಯ ಸೆಳೆತ ಜಾಸ್ತಿ ಇತ್ತು. ಮನೆಯವರು ಹೆದರಿದ್ದರು, "ಗಡ್ಡೆಗೆ ಮದ್ದು" ಬೇಕಿತ್ತು. ಕೊಟ್ಟರೆ ಪ್ರೊಲ್ಯಾಕ್ಟಿನ್ ಬಹುಶಃ ಇಳಿಯುತ್ತಿತ್ತು. ತೊಂದರೆ ಇರುವುದು ಅಲ್ಲೇ. ಕಾರಣ ಗಂಟಾಗಿದ್ದರೂ ಇಳಿಯುತ್ತಿತ್ತು, ಕ್ಯಾಪ್ಸೂಲ್ ಆಗಿದ್ದರೂ ಇಳಿಯುವ ಸಾಧ್ಯತೆ ಇತ್ತು. ಆಮೇಲೆ ನಿಜ ಏನೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಂಟಿಗೆ ಅಂತ ಶುರು ಮಾಡಿದರೆ ಕನಿಷ್ಠ ಎರಡು ವರ್ಷ ನುಂಗಬೇಕು. ಕ್ಯಾಬರ್ಗೋಲಿನ್ ಡೋಪಮೈನ್‌ನಂತೆಯೇ ಡಿ2 ಗ್ರಾಹಕದ ಮೇಲೆ ಕೂರುವ ಔಷಧಿ. ಒಂದು ಮಾತ್ರೆ ಹಲಗೆ ಎತ್ತುತ್ತದೆ, ಇನ್ನೊಂದು ಅದನ್ನೇ ಇಳಿಸುತ್ತದೆ. ನಡುವೆ ಒಬ್ಬ ಹೆಂಗಸು "ನನ್ನ ತಲೆಯಲ್ಲಿ ಗಡ್ಡೆ ಇದೆ" ಎಂದು ಬದುಕುತ್ತಾಳೆ.

ಮೈಸೂರಿನ ಒಬ್ಬ ಹಾರ್ಮೋನ್ ತಜ್ಞರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ: "ಕ್ಯಾಪ್ಸೂಲ್ ನಿಲ್ಲಿಸಿದರೆ ಏನು ನಷ್ಟ?" ಏನೂ ಇಲ್ಲ. ಕನಿಷ್ಠ ಮೂರು ದಿನ ನಿಲ್ಲಿಸಿ ಮತ್ತೆ ಪ್ರೊಲ್ಯಾಕ್ಟಿನ್ ನೋಡುವುದು ಎಂದು ಒಪ್ಪಿದೆವು. ಕ್ಯಾಬರ್ಗೋಲಿನ್ ಚೀಟಿ ಹರಿದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್‌ನಂಥ ಮಾತ್ರೆಗಳೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಅವನ್ನು ಹೀಗೆ ನಿಲ್ಲಿಸಬಾರದು. ಬರೆದುಕೊಟ್ಟ ಮನೋವೈದ್ಯರೇ ನಿರ್ಧರಿಸಬೇಕು. ಇಲ್ಲದಿದ್ದರೆ ಹಾಲು ನಿಲ್ಲಬಹುದು, ಮನುಷ್ಯ ಕುಸಿಯಬಹುದು.

ಕ್ಯಾಪ್ಸೂಲ್ ನಿಲ್ಲಿಸಿದರೆ ಎದೆಯುರಿ ತಿರುಗಿ ಬಂದು ಅವರು ಮತ್ತೆ ಅಂಗಡಿಗೆ ಹೋಗುತ್ತಾರೆ ಎಂಬ ಭಯ ನನಗಿತ್ತು. ಅದಕ್ಕೆ ಬರೀ ಪ್ಯಾಂಟೊಪ್ರಜೋಲ್ ಒಂದನ್ನೇ, ತಿಂಡಿಗೆ ಅರ್ಧ ಗಂಟೆ ಮೊದಲು, ನಾಲ್ಕು ವಾರ ಕೊಟ್ಟೆ. ಆಮೇಲೆ ಅವರ ದಿನ ಹೇಗೆ ಕಳೆಯುತ್ತದೆ ಎಂದು ಕೇಳಿದೆ. ಬೆಳಿಗ್ಗೆ ಐದಕ್ಕೆ ಎದ್ದು ಖಾಲಿ ಹೊಟ್ಟೆಗೆ ಬೆಲ್ಲದ ಕಾಪಿ. ಅತಿಥಿಗಳ ತಿಂಡಿ ಮುಗಿಯುವವರೆಗೆ ಮತ್ತೆ ಎರಡು ಲೋಟ. ತಮ್ಮ ತಿಂಡಿ ಹನ್ನೊಂದಕ್ಕೆ. ರಾತ್ರಿ ಎಲ್ಲರದೂ ಆದಮೇಲೆ ಹನ್ನೊಂದು ಗಂಟೆಗೆ ಕಡಂಬುಟ್ಟು, ಉಳಿದ ಖಾರದ ಪಂದಿಕರಿ ತಿಂದು, ಕೈ ತೊಳೆದು, ನೇರ ಹಾಸಿಗೆಗೆ. ಎಂಟು ತಿಂಗಳು ಆ ಕ್ಯಾಪ್ಸೂಲ್ ನಿಭಾಯಿಸುತ್ತಿದ್ದದ್ದು ಇದನ್ನೇ. ಅತಿಥಿಗಳಿಗಿಂತ ಮೊದಲು ಅವರು ಉಣ್ಣುವುದು ಎಂದು ಮನೆಯಲ್ಲಿ ಮಾತಾಯಿತು. ಈ ಮಾತನ್ನು ಗಟ್ಟಿಯಾಗಿ ಹಿಡಿದವರು ಅತ್ತೆ.

ಏನಾಯಿತು

ನಾಲ್ಕನೆಯ ದಿನ ಬೆಳಿಗ್ಗೆ, ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ರಕ್ತ ತೆಗೆಸಿದೆ. ಗಾಬರಿಯಲ್ಲಿದ್ದರೂ ಪ್ರೊಲ್ಯಾಕ್ಟಿನ್ ಏರುತ್ತದೆ. 46 ಬಂತು. ಮೂರು ವಾರದ ನಂತರ 17.

ನನಗೆ ಸಮಾಧಾನ. ಅವರಿಗೆ ಇಲ್ಲ. "ರಿಪೋರ್ಟ್ ಸರಿ ಅಂತೀರಿ, ಹಾಲು ಬರ್ತಾನೇ ಇದೆ ಮೇಡಂ." ಆರನೇ ವಾರವೂ ಅದೇ ಮಾತು. ಗಂಟಿನ ಅನುಮಾನ ನನಗೂ ಒಂದು ಕ್ಷಣ ತಿರುಗಿ ಬಂತು. ಈ ಸಲ ಮಾತ್ರ ಪರೀಕ್ಷೆಗೆ ಬರೆಯುವ ಮೊದಲು ಕೇಳಿದೆ: "ಬರ್ತಾ ಇದೆ ಅಂತ ಹೇಗೆ ಗೊತ್ತಾಗುತ್ತೆ?"

ಒದ್ದೆಯಾಗುವುದು ಯಾವಾಗಲೋ ನಿಂತಿತ್ತು. ದಿನಾ ಸ್ನಾನದ ಮನೆಯಲ್ಲಿ, ನಿಂತಿದೆಯೋ ಇಲ್ಲವೋ ಎಂದು ಹಿಂಡಿ ನೋಡುತ್ತಿದ್ದರು. ಕೆಲವು ದಿನ ಎರಡು ಸಲ. ಮಗು ಚೀಪಿದಾಗ ಎದೆಯ ನರಗಳಿಂದ ಮೆದುಳಿಗೆ ಸುದ್ದಿ ಹೋಗಿ ಡೋಪಮೈನ್ ಇಳಿಯುತ್ತದೆ, ಪ್ರೊಲ್ಯಾಕ್ಟಿನ್ ಏರುತ್ತದೆ. ತಾಯ್ತನಕ್ಕೆ ಬೇಕಾದ ಏರ್ಪಾಡು ಅದು. ಹಿಂಡಿದರೂ ಅದೇ ಸುದ್ದಿ ಹೋಗುತ್ತದೆ. ಭಯದಿಂದ ನೋಡುತ್ತಿದ್ದದ್ದೇ ಹಾಲನ್ನು ಉಳಿಸಿತ್ತು. ಒಂದು ತಿಂಗಳು ಮುಟ್ಟಿ ನೋಡಬೇಡಿ ಎಂದೆ. ಕಷ್ಟಪಟ್ಟು ಒಪ್ಪಿದರು.

ಮುಂದಿನ ವಾರ ಮುಟ್ಟಾಯಿತು. ಅದನ್ನು ಹೇಳಲು ಫೋನ್ ಮಾಡಿದಾಗ ಅವರ ದನಿಯಲ್ಲಿದ್ದ ಹಗುರ ನನಗೆ ಇನ್ನೂ ಕಿವಿಯಲ್ಲಿದೆ. ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಹಾಲು ಪೂರ್ತಿ ನಿಂತಿತ್ತು. ವರ್ಷದ ನಂತರ ಮತ್ತೆ ಎಂಆರ್‌ಐ ಮಾಡಿಸಿದೆವು. ಆ 4 ಮಿಲಿಮೀಟರ್ ಚುಕ್ಕೆ ಅಲ್ಲೇ, ಅಷ್ಟೇ ಇದೆ. ಕ್ಯಾಬರ್ಗೋಲಿನ್ ಒಂದು ಮಾತ್ರೆಯನ್ನೂ ಅವರು ನುಂಗಿಲ್ಲ.

ಈ ಪ್ರಕರಣದ ನಂತರ ಬದಲಾದದ್ದು

"ಮದ್ದು ತಗೊಳ್ತಿದ್ದೀರಾ" ಎಂದು ನಾನು ಈಗ ಕೇಳುವುದಿಲ್ಲ. "ಬೆಳಿಗ್ಗೆ ಎದ್ದಾಗಿಂದ ಮಲಗುವವರೆಗೆ ಬಾಯಿಗೆ ಹಾಕುವ ಮಾತ್ರೆ, ಕ್ಯಾಪ್ಸೂಲ್, ಪುಡಿ, ಟಾನಿಕ್ ಎಲ್ಲಾ ತೋರಿಸಿ. ಗ್ಯಾಸ್ಟ್ರಿಕ್‌ದೂ, ವಾಂತಿದೂ, ನಿದ್ದೆದೂ" ಎನ್ನುತ್ತೇನೆ. ಪರ್ಸ್ ತೆಗೆಸುತ್ತೇನೆ. ಈ ಪ್ರಶ್ನೆಯಿಂದ ಬೇರೆ ತೊಂದರೆಗಳೂ ಹೊರಬಿದ್ದಿವೆ. ಕೈ ನಡುಗುತ್ತದೆ, ನಡಿಗೆ ನಿಧಾನವಾಗಿದೆ ಎಂದು ಬಂದ ಒಬ್ಬ ಅಜ್ಜನ ಜೇಬಿನಲ್ಲೂ ಇದೇ ಕ್ಯಾಪ್ಸೂಲ್ ಇತ್ತು. ಅಲ್ಲಿ ಡೋಪಮೈನ್‌ಗೆ ಅಡ್ಡ ಬಿದ್ದದ್ದು ಮೆದುಳಿನ ಬೇರೆ ಜಾಗದಲ್ಲಿ.

ರಕ್ತ ಪರೀಕ್ಷೆ, ಎಂಆರ್‌ಐ ಒಂದೇ ಚೀಟಿಯಲ್ಲಿ ಬರೆಯುವುದನ್ನೂ ಬಿಟ್ಟಿದ್ದೇನೆ. ಕಣ್ಣಿನ ತೊಂದರೆ, ತೀವ್ರ ತಲೆನೋವು ಇದ್ದರೆ ಮಾತು ಬೇರೆ. ಇಲ್ಲದಿದ್ದರೆ ಮೊದಲು ಮಾತ್ರೆಗಳ ಲೆಕ್ಕ, ಬಸಿರು, ಥೈರಾಯ್ಡ್, ಕಿಡ್ನಿ. ಮೈಸೂರಿಗೆ ಇನ್ನೊಂದು ಸಲ ಹೋಗಬೇಕಾದರೆ ಹೋಗಲಿ. ಬೇಡದ ಭಯವನ್ನು ಮನೆಗೆ ಕಳಿಸುವುದಕ್ಕಿಂತ ಬಸ್ ಚಾರ್ಜ್ ಅಗ್ಗ.

ಮೊನ್ನೆ ಬೇಸಿಗೆಯಲ್ಲಿ ಅವರು ಮಂಗಳೂರಿಗೆ ಒಂದು ಮದುವೆಗೆ ಹೊರಟಿದ್ದರು. ಸಂಪಾಜೆ ಘಾಟಿಯ ತಿರುವುಗಳಲ್ಲಿ ಅವರಿಗೆ ವಾಂತಿಯಾಗುತ್ತದೆ. ಹೊರಡುವ ಮೊದಲು ಮಾತ್ರೆ ತರಲು ಅಂಗಡಿಗೆ ಹೋಗಿ, ಅಲ್ಲಿಂದಲೇ ಫೋನ್ ಮಾಡಿದರು. "ಮೇಡಂ, ಡೋಂಪೆರಿಡೋನ್ ಅಂತ ಬರೆದಿದೆ. ಇದು ಹಲಗೆ ಎತ್ತುವುದಲ್ವಾ?" ಹೌದು ಎಂದೆ. ಬೇರೆ ಜಾತಿಯ ಮಾತ್ರೆಯ ಹೆಸರು ಹೇಳಿದೆ.

ಅವರು ಫೋನ್ ಇಡಲಿಲ್ಲ. ಅಂಗಡಿಯವರಿಗೆ ಹೇಳುತ್ತಿರುವುದು ಕೇಳಿಸಿತು: "ಅಣ್ಣ, ಹೆಸರು ಇರೋ ಕಡೆ ಕತ್ತರಿಸಬೇಡಿ. ಆ ಕಡೆಯದನ್ನೇ ನನಗೆ ಕೊಡಿ."